ಕುದ್ರು ಬೇಕೋ ಬೇಡವೋ

ಮದುವೆಯಾದ ಮೊದಲ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನನ್ನ ಗಂಡ ಕಡಲಿನ ಸುದ್ದಿ ಎತ್ತದ ದಿನಗಳೆಂದರೆ ಅವರಿಗೆ ಗಂಟಲಿನ ಆಪರೇಶನ್ ಆದ ಮೂರು ದಿನ ಮಾತ್ರ. ಆಗಲೂ ಮೂರನೆಯ ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದರು, ಆಸ್ಪತ್ರೆಯ ಮೀನುಸಾರಿನ ಮೀನು ಐಸಿನದ್ದು ಎಂದು. ಉಡುಪಿ ಹತ್ತಿರದ ಕಡಲ ಬದಿಯ ಹಳ್ಳಿಯಲ್ಲಿ ಹುಟ್ಟಿ, ಹದಿನಾರಕ್ಕೆ ಮುಂಬಯಿಗೆ ಬಂದು, ಲೋಟ ತೊಳೆಯುವುದರಿಂದ ಶುರುಮಾಡಿ ಗೋರೆಗಾಂವಿನ ಹೋಟೆಲೊಂದರ ಗಲ್ಲೆಯ ತನಕ ಏರಿದವರು ಅವರು. ಅಲೆ ಬಡಿದರೆ ಮಳೆ ಎಷ್ಟು ಹೊತ್ತಿಗೆ ಬರುತ್ತದೆ, ಗಾಳಿ ತಿರುಗಿದರೆ ಯಾವ ಮೀನು ಸಿಗುತ್ತದೆ ಎಂದೆಲ್ಲ ಬಿಲ್ಲು ಕೊಡಲು ಬಂದ ಗುಜರಾತಿ ಗಿರಾಕಿಗಳಿಗೂ ಹೇಳಿ ಕಳಿಸುತ್ತಿದ್ದರು.

ನಾನು ವಿಜಯಪುರದ ಕಡೆಯವಳು. ಅಪ್ಪನಿಗೆ ಕುರ್ಲಾದಲ್ಲಿ ಗುಮಾಸ್ತಿಕೆ ಸಿಕ್ಕಿ ಹನ್ನೆರಡನೆಯ ವಯಸ್ಸಿಗೆ ಮುಂಬಯಿಯ ಚಾಳಿನ ಒಂದು ಕೋಣೆಗೆ ಬಂದೆ. ಮುಂದೆ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರಾದೆ, ಶಾಲೆಯ ಎದುರಿನ ಹೋಟೆಲಿನ ಗಲ್ಲೆಯಲ್ಲಿ ಕೂತಿದ್ದವರನ್ನೇ ಮದುವೆಯಾದೆ. ಎರಡೂ ಕಡೆಯವರು ಒಂದು ವರ್ಷ ನಮ್ಮೊಡನೆ ಮಾತು ಬಿಟ್ಟಿದ್ದರು. ಮಾತು ಶುರುವಾದ ಮೇಲೆ ಇನ್ನೊಂದು ವರ್ಷ ಒಬ್ಬರ ಕನ್ನಡ ಇನ್ನೊಬ್ಬರಿಗೆ ತಿಳಿಯಲಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಆಶ್ಚರ್ಯವಾಗುವುದು ಬೇಡ.

ಇಬ್ಬರೂ ಒಂದೇ ವರ್ಷ ಕೆಲಸದಿಂದ ಬಿಡುಗಡೆ ಹೊಂದಿದೆವು. ಅದೇ ಹೊತ್ತಿಗೆ ಊರಿನಿಂದ ಭಾವನ, ಎಂದರೆ ಇವರ ಅಣ್ಣನ, ಫೋನು ಬಂತು. ಅವರ ಮನೆಯಿಂದ ಅನತಿ ದೂರದ ಹೊಳೆಯಲ್ಲಿ ಒಂದು ಕುದ್ರು. ಕುದ್ರು ಎಂದರೆ ಹೊಳೆ ಸಮುದ್ರ ಸೇರುವ ಮುಂಚೆ ನಡುವೆ ಬಿಟ್ಟುಹೋದ ಒಂದು ತುಂಡು ನೆಲ, ಸುತ್ತ ನೀರು. ಅದರ ಮೇಲೆ ಒಂದು ಹೆಂಚಿನ ಮನೆ, ಒಂದಷ್ಟು ತೆಂಗಿನ ಮರ. ಮಾರುತ್ತಾರಂತೆ. ದಾಟಲು ದೋಣಿ. ರಸ್ತೆ ಇಲ್ಲ, ಸೇತುವೆ ಮುಂದೆ ಯಾವಾಗಲಾದರೂ ಬರಬಹುದಂತೆ.

ಇವರು ಅಂದು ರಾತ್ರಿ ಊಟ ಮಾಡಲಿಲ್ಲ. ಸಂತೋಷಕ್ಕೆ.

"ರಸ್ತೆ ಇಲ್ಲದ ಊರಿಗೆ ನಾ ಬರೂದಿಲ್ರಿ. ರಾತ್ರಿ ಹೊಟ್ಟಿನೋವು ಬಂದ್ರ ಯಾರನ್ನ ಕರೀಲಿ, ಮೊಸಳಿನ್ನ?" ಎಂದೆ ನಾನು.

"ಮೊಸಳೆ ಎಲ್ಲಿ ಉಂಟು ಮಾರಾಯ್ತಿ ಅಲ್ಲಿ! ನೀನು ನೀರೇ ನೋಡದವಳು, ನೋಡದೆ ಬೇಡ ಹೇಳುದು ಹೇಗೆ?"

ಹೀಗೆ ಒಂದೂವರೆ ತಿಂಗಳು ಹೋಯಿತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಬೆಳಿಗ್ಗೆ ಚಹಾದ ಜೊತೆ ಮತ್ತೆ ಕುದಿಯುತ್ತಿತ್ತು. ಕೊನೆಗೆ ಭಾವ ಗಡುವು ಹಾಕಿದರು. ಯಾರೋ ರೆಸಾರ್ಟ್ ಮಾಡುವವರು ಅದೇ ಜಾಗದ ಮೇಲೆ ಕಣ್ಣಿಟ್ಟಿದ್ದಾರೆ, ಭಾನುವಾರ ಮಧ್ಯಾಹ್ನ ಫೋನು ಮಾಡುತ್ತೇನೆ, ಬೇಕೋ ಬೇಡವೋ ಆಗ ಹೇಳಿಬಿಡಬೇಕು. ಇನ್ನು ಊರಿಗೆ ಹೋಗಿ ನೋಡಿ ಬರುವಷ್ಟು ಸಮಯವಿರಲಿಲ್ಲ. ಹೋದರೂ ನೆಂಟರು ಸುತ್ತ ಕೂತು ಕೋಳಿಸುಕ್ಕ ಬಡಿಸಿದರೆ ನಾನು ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತೇನೆಂದು ನನಗೇ ಭಯವಿತ್ತು. ಆಗ ಇವರಿಗೆ ಒಂದು ಉಪಾಯ ಹೊಳೆಯಿತು.

ನಗರದ ಬಡಗಣ ತುದಿಯಲ್ಲಿ, ಕಡಲು ನೆಲದೊಳಗೆ ತೂರಿಕೊಂಡ ದೊಡ್ಡ ಖಾಡಿಯೊಂದಿದೆ. ಅದರ ನಡುವೆ ಜನವಸತಿ ಇಲ್ಲದ ಒಂದು ದ್ವೀಪ. ಹಿಂದೆ ಅಲ್ಲಿ ಉಪ್ಪು ಬೆಳೆಯುತ್ತಿದ್ದರಂತೆ, ಈಗ ಬಿಟ್ಟು ಎಷ್ಟೋ ಕಾಲವಾಗಿ ದಂಡೆಯ ಸುತ್ತ ಕಾಡು ಬೆಳೆದಿದೆ. ಆ ಆಗರದಲ್ಲಿ ದುಡಿದಿದ್ದ ಮುದುಕರೊಬ್ಬರು ಎದುರು ದಂಡೆಯ ಹಳ್ಳಿಯಲ್ಲಿದ್ದಾರೆ. ಗೋರೆಗಾಂವಿನಲ್ಲಿರುವ ಮಗಳ ಮನೆಗೆ ಬಂದಾಗಲೆಲ್ಲ ಇವರ ಹೋಟೆಲಿನಲ್ಲಿ ಇಡ್ಲಿ ತಿಂದು, ಕಡಲಿನ ಮಾತು ಆಡಿ ಹೋಗುವವರು. ದ್ವೀಪದ ಮೇಲೆ ಕಾವಲುಗಾರನ ಹಳೆಯ ಕೋಣೆ ಇದೆ, ಬೇಕಾದರೆ ಒಂದು ರಾತ್ರಿ ಇದ್ದು ಹೋಗಿ ಎಂದು ಅವರು ಹತ್ತು ಸಲ ಕರೆದಿದ್ದರು.

"ಶನಿವಾರ ಹೋಗುವ, ಭಾನುವಾರ ಬರುವ. ಸುತ್ತ ನೀರು, ರಸ್ತೆ ಇಲ್ಲ, ಕರೆಂಟಿಲ್ಲ. ಅಷ್ಟಾದ ಮೇಲೂ ನೀನು ಬೇಡ ಅಂದ್ರೆ ನಾನು ಕುದ್ರುವಿನ ಹೆಸರೆತ್ತುದಿಲ್ಲ. ದೇವರಾಣೆ" ಎಂದರು ಇವರು.

ಒಪ್ಪಿದೆ. ಮನಸ್ಸಿನಲ್ಲಿ ಆಗಲೇ ಬೇಡ ಎಂದು ಬರೆದು ಸಹಿ ಹಾಕಿಟ್ಟಿದ್ದೆ. ಎರಡು ದಿನ ಸೊಳ್ಳೆ ಕಚ್ಚಿಸಿಕೊಂಡರೆ ಉಳಿದ ಆಯುಷ್ಯ ನೆಮ್ಮದಿ.

ಶನಿವಾರ ಬೆಳಿಗ್ಗೆ ನಮ್ಮ ಸಾಮಾನು ನೋಡಿದ್ದರೆ ನಿಮಗೆ ನಗು ಬರುತ್ತಿತ್ತು. ಹೋಟೆಲಿನವರಿಗೆ ಪ್ರವಾಸವೆಂದರೂ ಅಡಿಗೆ ಮನೆಯನ್ನೇ ಎಬ್ಬಿಸಿ ಒಯ್ಯಬೇಕು. ಇವರು ಒಂದು ದೊಡ್ಡ ಸ್ಟೀಲು ಡಬ್ಬದಲ್ಲಿ ನೀರುದೋಸೆ ಹಿಟ್ಟು, ಬೀಡಿನ ಕಾವಲಿ, ಎರಡು ತೆಂಗಿನಕಾಯಿ, ಹೆರೆಯುವ ಮಣೆ, ಚಿಕ್ಕ ಗ್ಯಾಸು ಎಲ್ಲ ಕಟ್ಟಿಕೊಂಡರು. ನಾನು ಒಂದು ಬಟ್ಟೆಗಂಟಿನಲ್ಲಿ ಹದಿನೈದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ, ಕೈಚೀಲದಲ್ಲಿ ಮೂರು ಬಾಟಲಿ ನೀರು ಇಟ್ಟುಕೊಂಡೆ. ನೀರಿಗಾಗಿ ಒಂದು ಮೈಲಿ ಕೊಡ ಹೊತ್ತ ಅವ್ವನ ಮಗಳು ನಾನು. ಬಿಲ್ಡಿಂಗಿನ ಕೆಳಗೆ ತರಕಾರಿ ತರಲು ಇಳಿದರೂ ನನ್ನ ಚೀಲದಲ್ಲಿ ನೀರಿರುತ್ತದೆ.

"ಇದೆಂತ, ಬರಗಾಲಕ್ಕೆ ಹೊರಟ ಹಾಗೆ!" ಎಂದು ಇವರು ನಕ್ಕರು. ಲೋಕಲ್‌ನಲ್ಲಿ ಎದುರು ಕೂತ ಹೆಂಗಸು ಹೆರೆಮಣೆಯನ್ನು ಬಹಳ ಹೊತ್ತು ನೋಡಿ, ಇವರನ್ನೂ ನೋಡಿ, ಕಾಲು ಹಿಂದಕ್ಕೆಳೆದುಕೊಂಡಳು.

ಸ್ಟೇಶನ್ ಇಳಿದು ಆಟೋ ಹಿಡಿದು ಖಾಡಿಯ ದಂಡೆ ಸೇರಿದಾಗ ಹನ್ನೊಂದೂವರೆ. ಹಿಂದಿನ ದಿನವಷ್ಟೇ ಅಮಾವಾಸ್ಯೆ. ನೀರು ದಂಡೆಯ ತುಟಿಯ ತನಕ ತುಂಬಿ, ತಟ್ಟೆಯಲ್ಲಿಟ್ಟ ಹಾಗೆ ಅಲುಗದೆ ನಿಂತಿತ್ತು. ದ್ವೀಪ ಕಣ್ಣೆದುರಿಗೇ ಇತ್ತು, ಹಸಿರು ಗಿಡಗಳ ಒಂದು ಉದ್ದನೆಯ ಗೆರೆ. ಮುದುಕರು ತಮ್ಮ ಚಿಕ್ಕ ದೋಣಿ ಸಿದ್ಧಮಾಡಿಟ್ಟು, ತಾವೇ ದಾಟಿಸುತ್ತೇನೆ, ನಾಳೆ ಕರೆದು ತರುತ್ತೇನೆ ಎಂದರು. ಇವರು ಕೇಳಬೇಕಲ್ಲ. ದೋಣಿ ನಮ್ಮ ಬಳಿಯೇ ಇರಲಿ, ನಾನು ಕಡಲ ಬದಿಯವ ಎಂದು ಹುಟ್ಟು ಕೈಗೆ ತೆಗೆದುಕೊಂಡರು. ಮುದುಕರು ತಲೆ ತುರಿಸಿಕೊಂಡರು.

"ಅಣ್ಣಾ, ಇಧರ್ ಪಾನಿ ಉತರ್‌ತಾ ಹೈ ತೋ ಪೂರಾ ಉತರ್‌ತಾ ಹೈ. ಪೀಛೆ ಪತ್ಥರ್‌ವಾಲಾ ಘಾಟ್ ಹೈ, ಉಧರ್‌ಚ್ ಬಾಂಧನಾ. ರಸ್ಸಿ ಲಂಬಾ ರಖನಾ."

ನೀರು ಇಳಿದರೆ ಪೂರ್ತಿ ಇಳಿಯುತ್ತದೆ, ದ್ವೀಪದ ಹಿಂಬದಿಯ ಕಲ್ಲಿನ ಮೆಟ್ಟಿಲಿಗೇ ಕಟ್ಟಿ, ಹಗ್ಗ ಉದ್ದ ಬಿಡಿ. ಹಿಂದಿ ನನಗೂ ತಿಳಿಯುತ್ತದೆ, ಇವರಿಗೂ ತಿಳಿಯುತ್ತದೆ. ಆದರೆ ಕಿವಿಗೆ ಬಿದ್ದದ್ದೆಲ್ಲ ತಲೆಗೆ ಹೋಗಬೇಕೆಂದು ನಿಯಮವೇನಿಲ್ಲ. ಇವರು "ಮಾಲೂಮ್ ಹೈ, ಮಾಲೂಮ್ ಹೈ" ಎಂದು, ಎಲ್ಲ ಗೊತ್ತುಂಟು ಎನ್ನುವ ಹಾಗೆ ಕೈ ಬೀಸಿದರು.

ಮೊದಲ ಹತ್ತು ನಿಮಿಷ ದೋಣಿ ಇದ್ದಲ್ಲೇ ಗಿರಗಿರ ತಿರುಗಿತು. ನಾನು ಎರಡೂ ಕೈಯಲ್ಲಿ ಅಂಚು ಹಿಡಿದು ಮನೆದೇವರನ್ನೆಲ್ಲ ಕರೆದೆ. ಆಮೇಲೆ ಇವರಿಗೆ ಕೈ ಕೂಡಿ ಬಂತು. ಅಂಗಿ ಕಳಚಿ ಬನಿಯನ್ನಿನಲ್ಲಿ ಹುಟ್ಟು ಹಾಕುತ್ತಿದ್ದ ಮನುಷ್ಯ ನಮ್ಮ ಮನೆಯಲ್ಲಿ ಸೋಫಾದ ಮೇಲೆ ಬೆನ್ನುನೋವು ಎಂದು ಮಲಗುವವರೇ ಹೌದೋ ಎಂದು ನನಗೆ ಅನುಮಾನವಾಯಿತು. ಚೆನ್ನಾಗಿ ಕಾಣುತ್ತಿದ್ದರು. ಆದರೆ ಅವತ್ತು ನಾನು ಅದನ್ನು ಹೇಳಲಿಲ್ಲ.

ಕಾವಲುಗಾರನ ಕೋಣೆ ದ್ವೀಪದ ಈಚೆ ದಂಡೆಯ ಬದುವಿನ ಮೇಲೇ ಇತ್ತು. ನಾಲ್ಕು ಗೋಡೆ, ಅರ್ಧ ಹೆಂಚು, ಒಳಗೆ ಮಲಗಲು ಎರಡು ಹೊರಸು. ಕಲ್ಲಿನ ಮೆಟ್ಟಿಲಿಗೆ ಹೋಗಬೇಕಾದರೆ ದ್ವೀಪವನ್ನು ಸುತ್ತಬೇಕು, ಅಲ್ಲಿಂದ ಸಾಮಾನು ಹೊರಬೇಕು. ಇವರು ಕೋಣೆಯ ಎದುರಿಗೇ ದೋಣಿ ತಂದು ನಿಲ್ಲಿಸಿ, ಬದುವಿನಲ್ಲಿ ಉಪ್ಪುನೀರು ಕುಡಿದು ಬೆಳೆದ ಕಾಂಡ್ಲಾ ಮರಕ್ಕೆ ಒಂದೂವರೆ ಮಾರು ಹಗ್ಗ ಬಿಟ್ಟು ಗಟ್ಟಿಯಾಗಿ ಬಿಗಿದರು.

"ಹಗ್ಗ ಉದ್ದ ಬಿಡ್ರಿ ಅಂದ್ರಲ್ಲ ಅವರು" ಎಂದೆ.

"ನೀರು ಇಳಿದ್ರೆ ಎಷ್ಟು ಇಳೀತದೆ? ಮೊಣಕಾಲಿನಷ್ಟು, ಹೆಚ್ಚೆಂದ್ರೆ ಸೊಂಟದಷ್ಟು. ಹಗ್ಗ ಉದ್ದ ಬಿಟ್ರೆ ದೋಣಿ ಕುಣೀತದೆ. ನಿಂಗೆ ಅದೆಲ್ಲ ಗೊತ್ತಾಗುದಿಲ್ಲ."

ನಾನು ನನ್ನ ಎರಡು ಚೀಲ ಹೆಗಲಿಗೆ ಹಾಕಿಕೊಂಡು ಇಳಿದೆ. ಇವರು ಹುಟ್ಟನ್ನು ತಂದು ಕೋಣೆಯ ಗೋಡೆಗೆ ಒರಗಿಸಿದರು. ದಂಡೆಯ ಅಂಗಡಿಯಲ್ಲಿ ಕೊಂಡ ಇಪ್ಪತ್ತು ಲೀಟರಿನ ನೀರಿನ ಕ್ಯಾನು, ಹಿಟ್ಟಿನ ಡಬ್ಬ, ಕಾವಲಿ ಎಲ್ಲ ದೋಣಿಯಲ್ಲೇ ಉಳಿದವು. ಎಲ್ಲಿ ಹೋಗುತ್ತವೆ, ಆಮೇಲೆ ತರುವ ಎಂದರು ಇವರು. ಮೊದಲು ದ್ವೀಪ ನೋಡಬೇಕಾಗಿತ್ತು ಅವರಿಗೆ.

ಸುತ್ತಿದೆವು. ದಂಡೆಯುದ್ದಕ್ಕೂ ಕಾಂಡ್ಲಾ ಗಿಡಗಳು, ಬೇರುಗಳನ್ನು ಸೂಜಿಗಳ ಹಾಗೆ ಮೇಲಕ್ಕೆ ಚುಚ್ಚಿಕೊಂಡು ನಿಂತವು. ಅವುಗಳ ನಡುವೆ ಕೆಸರಿನ ಮೇಲೆ ಕುಪ್ಪಳಿಸುವ ಕಣ್ಣುಬ್ಬಿದ ಮೀನುಗಳು. ಮೀನು ನಡೆಯುವುದನ್ನು ನಾನು ಮೊದಲ ಸಲ ನೋಡಿದ್ದು. ಒಂದು ಏಡಿ ತನಗಿಂತ ದೊಡ್ಡದಾದ ಒಂದೇ ಕೈ ಎತ್ತಿ ನಮ್ಮನ್ನು ಗದರಿಸಿತು, ನಮ್ಮ ಸೊಸೈಟಿಯ ಸೆಕ್ರೆಟರಿಯ ಹಾಗೆ. ಇವರು ಪ್ರತಿ ಚಿಪ್ಪಿಗೂ ನಿಂತು ಹೆಸರು ಹೇಳಿದರು, ಯಾವುದನ್ನು ಸಾರಿಗೆ ಹಾಕಬೇಕು, ಯಾವುದು ಪಲ್ಯಕ್ಕೆ ಎಂದು. ಮಗಳು ಫೋನು ಮಾಡಿ ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ "ಅಮ್ಮಾ, ನೀವು ಠೀಕ್ ಇದ್ದೀರಾ? ಅಪ್ಪಾ ನೀರಲ್ಲಿ ಹೋಗಿಲ್ಲ ನಾ?" ಎಂದು ಕೇಳಿದಳು. ಇಲ್ಲ, ಚಿಪ್ಪಿಗೆ ಪಾಠ ಮಾಡುತ್ತಿದ್ದಾರೆ ಎಂದೆ. ಅಷ್ಟರಲ್ಲಿ ಲೈನು ಕಟ್ಟಾಯಿತು.

ಗಿಡಗಳ ಸಾಲು ದಾಟಿ ಒಳಗೆ ಹೋದರೆ ಹಳೆಯ ಉಪ್ಪಿನ ಆಗರ. ಅಲ್ಲಿ ನಾನು ನಿಂತುಬಿಟ್ಟೆ. ಒಂದು ಮರವಿಲ್ಲ, ಒಂದು ಗೋಡೆಯಿಲ್ಲ. ಚೌಕ ಚೌಕ ಮಡಿಗಳು, ನಡುವೆ ಬದುಗಳು, ಕಣ್ಣು ಹರಿಯುವಷ್ಟು ದೂರ ಸಮತಟ್ಟಾದ ಬಯಲು. ಮುಂಬಯಿಯಲ್ಲಿ ನಲವತ್ತೈದು ವರ್ಷ ಕಳೆದಿದ್ದೇನೆ. ಕಣ್ಣೆದುರು ಒಂದು ಬಿಲ್ಡಿಂಗಿಲ್ಲದೆ ಆಕಾಶ ನೆಲಕ್ಕೆ ಮುಟ್ಟುವುದನ್ನು ಆ ಊರಿನಲ್ಲಿ ನೋಡಿರಲಿಲ್ಲ. ನಮ್ಮ ಅಜ್ಜನ ಎರೆ ಹೊಲದ ಬದುವಿನ ಮೇಲೆ ನಿಂತರೆ ಹೀಗೇ ಕಾಣುತ್ತಿತ್ತು. ದ್ವೀಪವೆಂದರೆ ಇಕ್ಕಟ್ಟು, ಉಸಿರು ಕಟ್ಟುತ್ತದೆ ಎಂದುಕೊಂಡಿದ್ದವಳಿಗೆ ಎದೆ ಹಗುರಾಯಿತು. ಇದನ್ನೂ ಹೇಳಲಿಲ್ಲ. ಇವರ ಮುಂದೆ ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಹತ್ತು ಹೆಜ್ಜೆ ಮುಂದೆ ಬರುತ್ತಾರೆ.

ಐದು ಗಂಟೆಗೆ, ದೋಸೆ ಹುಯ್ಯುತ್ತೇನೆ ಬಾ ಎಂದು ಇವರು ಹಾಡಿಕೊಂಡು ಕೋಣೆಯ ಕಡೆ ನಡೆದರು. ಬದುವಿನ ಮೇಲೆ ಬಂದವರು ಹಾಡು ನಿಲ್ಲಿಸಿದರು.

ಖಾಡಿಯಲ್ಲಿ ನೀರಿರಲಿಲ್ಲ. ಇತ್ತು, ಬಹಳ ಕೆಳಗೆ, ಬಹಳ ದೂರದಲ್ಲಿ, ಒಂದು ಸಣ್ಣ ಹರಿವು. ನಡುವೆ ಹೊಳೆಯುವ ಕಪ್ಪು ಕೆಸರಿನ ಇಳಿಜಾರು, ಎರಡಾಳು ಎತ್ತರದಷ್ಟು. ನಮ್ಮ ದೋಣಿ ಆ ಇಳಿಜಾರಿನ ಮೇಲೆ ಕಾಂಡ್ಲಾ ಮರಕ್ಕೆ ಕುತ್ತಿಗೆ ಕೊಟ್ಟು ಜೋತುಬಿದ್ದಿತ್ತು, ಮೂತಿ ಆಕಾಶಕ್ಕೆ, ಬಾಲ ಪಾತಾಳಕ್ಕೆ. ಅದರಲ್ಲಿದ್ದುದೆಲ್ಲ ಜಾರಿ ಕೆಳಗೆ ಬಿದ್ದಿತ್ತು. ಹಿಟ್ಟಿನ ಡಬ್ಬದ ಮುಚ್ಚಳ ಹಾರಿ, ಕಪ್ಪು ಕೆಸರಿನ ಮೇಲೆ ಬೆಳ್ಳಗೆ ನೀರುದೋಸೆ ಹರಡಿತ್ತು. ಅದರ ಸುತ್ತ ನೂರು ಏಡಿಗಳು ಪಂಕ್ತಿಗೆ ಕೂತಿದ್ದವು. ನೀರಿನ ಕ್ಯಾನು ಮಾತ್ರ ಮುಚ್ಚಳ ಬಿಡದೆ ಇನ್ನೂ ಕೆಳಗೆ ಉರುಳಿ ನಿಂತಿತ್ತು.

ನನಗೆ ನಗು ತಡೆಯಲಾಗಲಿಲ್ಲ. "ಏನ್ರಿ, ಮೊಣಕಾಲಷ್ಟ ಇಳೀತದ ಅಂದ್ರಿ? ಯಾರ ಮೊಣಕಾಲ್ರಿ ಅದು, ಆನಿದಾ?"

"ನಮ್ಮಲ್ಲಿ ಇಷ್ಟು ಇಳಿಯುದಿಲ್ಲ ಮಾರಾಯ್ತಿ" ಎಂದರು ಇವರು, ಯಾರೋ ಮೋಸ ಮಾಡಿದ ಹಾಗೆ. ಅದು ನಿಜವೇ. ಅವರ ಊರಿನ ಕಡಲು ಮರ್ಯಾದಸ್ಥರ ಹಾಗೆ ಒಂದಿಷ್ಟು ಹಿಂದೆ ಸರಿದು ಒಂದಿಷ್ಟು ಮುಂದೆ ಬರುತ್ತದೆ. ಮುಂಬಯಿಯದ್ದು ಇಲ್ಲಿನ ಜನರ ಹಾಗೆ, ಹೊರಟರೆ ಇಡೀ ಸ್ಟೇಶನ್ನೇ ಖಾಲಿ. ನಲವತ್ತು ವರ್ಷ ಈ ಊರಿನಲ್ಲಿದ್ದೂ ಇವರು ಇಲ್ಲಿನ ಕಡಲನ್ನು ಒಂದು ಸಲವೂ ನಿಂತು ನೋಡಿರಲಿಲ್ಲ. ಗಲ್ಲೆಯಿಂದ ಕಾಣುತ್ತಿದ್ದುದು ರಸ್ತೆ ಮಾತ್ರ.

ಕ್ಯಾನು ತರುತ್ತೇನೆಂದು ಇವರು ಪ್ಯಾಂಟು ಮಡಚಿ ಕೆಸರಿಗೆ ಇಳಿದರು. ಬೇಡ ಎಂದೆ. ಕೇಳಲಿಲ್ಲ. ಮೂರು ಹೆಜ್ಜೆಗೆ ಮೊಣಕಾಲು, ಐದಕ್ಕೆ ತೊಡೆ. ಆರನೆಯ ಹೆಜ್ಜೆ ಇಡಲು ಕಾಲು ಬರಲಿಲ್ಲ. ಬಗ್ಗಿ ಕೈ ಊರಿದರು, ಕೈ ಮೊಣಕೈಯ ತನಕ ಹೋಯಿತು. ಎದ್ದಾಗ ಮೀಸೆಯ ತನಕ ಕೆಸರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಅದೂ ಉಳಿಯಲಿಲ್ಲ.

"ಎಂತ ಇಲ್ಲ, ಆಳ ನೋಡ್ತಾ ಇದ್ದೆ" ಎಂದರು.

ಮೊದಲು ಕೆಸರಿಗೆ ಬೈದರು. ಆಮೇಲೆ ನಕ್ಕರು. ಆಮೇಲೆ ಕಾಲನ್ನು ಜೋರಾಗಿ ಎಳೆದರು, ಎಳೆದಷ್ಟೂ ಇನ್ನೊಂದು ಕಾಲು ಕೆಳಗಿಳಿಯಿತು. ಆಮೇಲೆ ಸುಮ್ಮನಾದರು. ಅವರು ಸುಮ್ಮನಾದದ್ದೇ ನನಗೆ ಹೆದರಿಕೆ ತಂದಿತು. ಫೋನು ತೆಗೆದೆ, ನೆಟ್‌ವರ್ಕ್ ಇರಲಿಲ್ಲ. ಎದುರು ದಂಡೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ದೂರದ ಸೇತುವೆಯ ಮೇಲೆ ತುಂಬಿದ ಲೋಕಲ್ ಒಂದು ದಡದಡ ದಾಟಿ ಹೋಯಿತು. ಅದರಲ್ಲಿದ್ದ ಸಾವಿರ ಜನಕ್ಕೆ ನಾವು ಕಾಣುವ ಹಾಗಿರಲಿಲ್ಲ.

"ಕಾಲು ಬರುದಿಲ್ಲ ಮಾರಾಯ್ತಿ" ಎಂದರು ಇವರು. ಆ ದನಿಯನ್ನು ನಾನು ಅವರಲ್ಲಿ ಮುಂಚೆ ಕೇಳಿರಲಿಲ್ಲ.

ನನಗೆ ಕಡಲು ಗೊತ್ತಿಲ್ಲ. ಕೆಸರು ಗೊತ್ತು. ನಮ್ಮ ಕಡೆಯ ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲು, ಮಳೆ ಬಿದ್ದರೆ ಹೀಗೇ ಕರಿ ಅಂಟು. ಅಜ್ಜನ ಹೊಲದ ತಗ್ಗಿನಲ್ಲಿ ಒಂದು ಸಲ ಎಮ್ಮೆ ಹುಗಿದುಕೊಂಡಾಗ ಊರ ಹುಡುಗರೆಲ್ಲ ಹಗ್ಗ ಹಾಕಿ ಎಳೆಯಲು ನಿಂತರೆ, ಅಜ್ಜ ಎಲ್ಲರನ್ನೂ ಬೈದು ಓಡಿಸಿ, ಅದರ ಎದೆಯ ಕೆಳಗೆ ಹಲಗೆ ತೂರಿಸಿ ಒಂದೊಂದೇ ಕಾಲು ಬಿಡಿಸಿದ್ದ. ಎರಿ ಮಣ್ಣಾಗ ಸಿಕ್ಕಾವ ನಿಂದರಬಾರದು, ಮಲಗಬೇಕು ಅನ್ನುತ್ತಿದ್ದ.

ಕೋಣೆಯಿಂದ ಹೊರಸು ಎಳೆದು ತಂದು, ತಲೆಕೆಳಗು ಮಾಡಿ ಕೆಸರಿನ ಮೇಲೆ ಇವರ ಕಡೆಗೆ ದೂಡಿದೆ. ಎರಡನೆಯದನ್ನು ನನ್ನ ಕೆಳಗೆ ಹಾಕಿಕೊಂಡು ಹೊಟ್ಟೆಯ ಮೇಲೆ ತೆವಳಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ.

"ಎಳೀಬ್ಯಾಡ್ರಿ ಕಾಲು. ಹೊರಸಿನ ಮ್ಯಾಲೆ ಎದಿ ಕೊಟ್ಟು ಮಲಗ್ರಿ. ಹಾಂ. ಈಗ ಒಂದ ಕಾಲು ಅಲುಗಾಡಸ್ರಿ, ಹಿಂಗ, ಸಣ್ಣಗ. ನೀರು ಒಳಗ ಇಳೀಲಿ. ಅವಸರ ಮಾಡಬ್ಯಾಡ್ರಿ."

"ನಿಂಗೆ ಇದೆಲ್ಲ ಹೇಗೆ ಗೊತ್ತುಂಟು?"

"ನೀವು ನಮ್ಮಜ್ಜನ ಎಮ್ಮಿ ಅಂತ ತಿಳಕೊಂಡೀನಿ. ಸುಮ್ಮನ ಮಲಗ್ರಿ."

ಕಾಲು ಗಂಟೆ ಬೇಕಾಯಿತು. ಬಲಗಾಲು ಬಂತು, ಚಪ್ಪಲಿ ಬರಲಿಲ್ಲ. ಎಡಗಾಲು ಬಂತು. ಇಬ್ಬರೂ ಹೊರಸಿನಿಂದ ಹೊರಸಿಗೆ ತೆವಳಿ ಬದು ಹತ್ತಿ ಮಲಗಿಬಿಟ್ಟೆವು. ನಾನು ಮತ್ತೆ ನಕ್ಕೆ, ಈ ಸಲ ಬದುಕಿದೆವೆಂಬ ನಗು. ಇವರು ನಗಲಿಲ್ಲ. ದಂಡೆಯಿಂದ ಇನ್ನೊಂದು ಮಾರು ಒಳಕ್ಕೆ ತೆವಳಿ ಹೋಗಿ ಕೂತರು.

ಕೋಣೆಯಲ್ಲಿ ಬಿದ್ದಿದ್ದ ಬಟ್ಟೆ ಒಣಹಾಕುವ ಹಗ್ಗವನ್ನು ದೋಣಿಯ ಹಗ್ಗಕ್ಕೆ ಗಂಟು ಹಾಕಿ ಉದ್ದ ಬಿಟ್ಟೆವು. ದೋಣಿ ಸರ್ರನೆ ಜಾರಿ ಕೆಸರಿನಲ್ಲಿ ಕೂತಿತು. ನನ್ನ ಮೂರು ಬಾಟಲಿಯಲ್ಲಿ ಎರಡೂವರೆ ಉಳಿದಿತ್ತು. ಖಡಕ್ ರೊಟ್ಟಿ ಮುರಿದು, ಉಳ್ಳಾಗಡ್ಡಿಯನ್ನು ಗುದ್ದಿ, ಹಿಂಡಿಯ ಜೊತೆ ಕೊಟ್ಟೆ. ಇಪ್ಪತ್ತೊಂಬತ್ತು ವರ್ಷ ರಟ್ಟು ರಟ್ಟು ಎಂದು ಹೀಯಾಳಿಸಿದ ರೊಟ್ಟಿಯನ್ನು ನಾಲ್ಕು ತಿಂದರು. ಬರಗಾಲದ ಮಾತು ಎತ್ತಲಿಲ್ಲ. ಕಡಲಿನ ಮಾತೂ ಎತ್ತಲಿಲ್ಲ.

ಬೆಳಿಗ್ಗೆ ನನಗೆ ಬೇಗ ಎಚ್ಚರವಾಯಿತು. ಹೊರಗೆ ಬಂದು ಆಗರದ ಬದುವಿನ ಮೇಲೆ ಕೂತೆ. ಎಲ್ಲಿಯೂ ಒಂದು ಹಾರನ್ ಇಲ್ಲ. ಮಡಿಗಳಲ್ಲಿ ನಿಂತ ತೆಳು ನೀರಿನ ಮೇಲೆ ಉದ್ದ ಕಾಲಿನ ಹಕ್ಕಿಗಳು ಸದ್ದಿಲ್ಲದೆ ನಡೆಯುತ್ತಿದ್ದವು. ಸೂರ್ಯ ನೆಲದೊಳಗಿಂದ ಎದ್ದು ಬಂದ. ಪೂರ್ತಿ ಸೂರ್ಯ, ಯಾರ ಟೆರೇಸಿನ ನೀರಿನ ಟಾಕಿಯ ಹಿಂದಿನಿಂದಲೂ ಅಲ್ಲ. ಅಷ್ಟರಲ್ಲಿ ಹತ್ತು ಮಾರು ದೂರದಲ್ಲಿ ಗಿಡದಿಂದ ಒಂದು ನರಿ ಹೊರಬಂದು ನನ್ನನ್ನು ಕಂಡು ನಿಂತಿತು. ನಿಂತು ನೋಡಿತು. ನರಿಯ ಮುಖ ನೋಡಿ ಎದ್ದರೆ ಅದೃಷ್ಟ ಎಂದು ಹೇಳಿಕೊಂಡೇ ಬೆಳೆದವಳು ನಾನು. ನಿಜವಾದ ನರಿಯ ನಿಜವಾದ ಮುಖ ನೋಡಿದ್ದು ಮುಂಬಯಿಯಲ್ಲಿ. ಅದು ಅವಸರವಿಲ್ಲದೆ ಬದುವಿನ ಮೇಲೆ ನಡೆದು ಹೋಯಿತು.

ಅಲ್ಲಿ ಕೂತೇ ನಿಶ್ಚಯಿಸಿದೆ. ಬೇಕು. ಕುದ್ರು ಬೇಕು. ರಸ್ತೆ ಇಲ್ಲದಿದ್ದರೆ ಇಲ್ಲ, ಹೊಟ್ಟೆನೋವು ಬಂದರೆ ನುಂಗಲು ನಾಲ್ಕು ಗುಳಿಗೆ ಇಟ್ಟುಕೊಂಡರಾಯಿತು. ಬೆಳಿಗ್ಗೆ ಎದ್ದು ಹೀಗೆ ಕೂರಬೇಕು. ಕೆಸರು ನನಗೆ ಗೊತ್ತು, ನೀರು ಅವರಿಗೆ ಗೊತ್ತು, ಇಬ್ಬರೂ ಸೇರಿದರೆ ಸಾಕು. ಎಷ್ಟೋ ವರ್ಷದ ಮೇಲೆ ಹೊಸದೊಂದನ್ನು ಬೇಕು ಎಂದುಕೊಂಡಿದ್ದೆ. ಹುಡುಗಿಯ ಹಾಗೆ ಖುಷಿಯಾಯಿತು.

ಆದರೆ ಇವರಿಗೆ ಹೇಳಲಿಲ್ಲ. ಒಂದೂವರೆ ತಿಂಗಳು ನನ್ನನ್ನು ಕಾಡಿದವರು, ಇನ್ನು ಐದಾರು ತಾಸು ಕಾಯಲಿ. ಭಾವನ ಫೋನು ಬರಲಿ, ನಾನೇ ಕಸಿದುಕೊಂಡು ಬೇಕು ಎನ್ನುತ್ತೇನೆ, ಆಗ ಇವರ ಮುಖ ನೋಡಬೇಕು ಎಂದು ಮನಸ್ಸಿನಲ್ಲೇ ನಾಟಕ ಕಟ್ಟಿದೆ. ಚಹಾ ಇಲ್ಲದ್ದಕ್ಕೆ ಗೊಣಗಿದೆ, ಸೊಳ್ಳೆ ಕಚ್ಚಿದ್ದನ್ನು ತೋರಿಸಿದೆ. ಇವರು ಹೂಂ ಹೂಂ ಎಂದರು.

ಮಧ್ಯಾಹ್ನದ ಹೊತ್ತಿಗೆ ಖಾಡಿ ಮತ್ತೆ ತುಂಬಿ ದೋಣಿ ತಾನಾಗಿ ತೇಲಿ ಬದುವಿಗೆ ಬಂತು. ಕ್ಯಾನನ್ನು ರಾತ್ರಿ ಏರಿದ ಭರತದ ನೀರು ಒಯ್ದಿತ್ತು. ಇವರು ಹುಟ್ಟು ಹಾಕುವಾಗ ಅಂಗಿ ಕಳಚಲಿಲ್ಲ, ನೀರು ನೋಡಲಿಲ್ಲ, ಎದುರು ದಂಡೆಯನ್ನೇ ನೋಡುತ್ತಿದ್ದರು. ಮುದುಕರು ದೋಣಿಗೆ ಹತ್ತಿದ ಕೆಸರು ನೋಡಿದರು, ಇವರ ಬರಿಗಾಲು ನೋಡಿದರು, ಗಂಟು ಹಾಕಿದ ಹಗ್ಗ ನೋಡಿದರು. ಏನೂ ಕೇಳದೆ ಚಹಾ ತರಲು ಹೋದರು. ದೊಡ್ಡ ಮನುಷ್ಯ.

ಅಷ್ಟರಲ್ಲಿ ಫೋನು ಬಂತು. ನಾನು ಕೈ ಚಾಚುವ ಮೊದಲೇ ಇವರು ಎತ್ತಿಕೊಂಡರು. ಅಣ್ಣನ ಹತ್ತಿರ ಅವರು ಮಾತಾಡುವುದು ತುಳುವಿನಲ್ಲಿ. ನನಗೆ ಆಡಲು ಬರುವುದಿಲ್ಲ, ಅರ್ಥ ಪೂರ್ತಿಯಾಗುತ್ತದೆ. ಇವರು ಹೇಳಿದ್ದು ಇಷ್ಟು: ಬೇಡ ಅಣ್ಣ, ಆ ರೆಸಾರ್ಟಿನವರಿಗೇ ಕೊಡಲಿ. ಇವಳಿಂದ ಆಗುವುದಿಲ್ಲ. ಕೆಸರು ನೀರು ನೋಡಿ ಒಂದೇ ದಿನಕ್ಕೆ ಹೆದರಿಹೋದಳು. ನನಗೇನೋ ಆಸೆಯಿತ್ತು, ಏನು ಮಾಡುವುದು.

ನನ್ನ ಕಿವಿ ಬಿಸಿಯಾಯಿತು. ಯಾರು ಹೆದರಿದ್ದು? ಯಾರನ್ನು ಯಾರು ಹೊಟ್ಟೆಯ ಮೇಲೆ ತೆವಳಿ ಎಳೆದು ತಂದದ್ದು? ಬಾಯಿ ತೆರೆದೆ. ಇವರು ಫೋನನ್ನು ನನ್ನ ಕಡೆ ಚಾಚಿದರು. "ಅಣ್ಣನಿಗೆ ನಿನ್ನ ಹತ್ರ ಮಾತಾಡ್ಬೇಕಂತೆ" ಎಂದರು.

ಅವರ ಮುಖ ನೋಡಿದೆ. ಖಾಡಿಗೆ ಬೆನ್ನು ಹಾಕಿ ನಿಂತಿದ್ದರು. ಕಿವಿಯ ಹಿಂದೆ ಇನ್ನೂ ಒಣಗಿದ ಕೆಸರಿತ್ತು. ಸಿಕ್ಕಿಬಿದ್ದ ವಿದ್ಯಾರ್ಥಿಗಳ ಕಣ್ಣು ನಾನು ಮೂವತ್ತು ವರ್ಷ ನೋಡಿದ್ದೇನೆ. ಇದು ಅದೇ ಕಣ್ಣು. ಆ ಕಾಲು ಗಂಟೆ ಅವರನ್ನು ಬಿಟ್ಟಿರಲಿಲ್ಲ. ಹದಿನಾರಕ್ಕೆ ಬಿಟ್ಟುಬಂದ ಕಡಲು ತಮ್ಮದೇ ಎಂದುಕೊಂಡು ಅಷ್ಟು ವರ್ಷ ಗಲ್ಲೆಯ ಮೇಲೆ ಕೂತಿದ್ದರು. ಈಗ ಅದು ತಮಗೆ ಗೊತ್ತಿಲ್ಲ, ತಮ್ಮ ಕಾಲಿನಲ್ಲಿ ಮೊದಲಿನ ಬಲವಿಲ್ಲ ಎಂದು ತಿಳಿದುಹೋಗಿತ್ತು. ಅದನ್ನು ಅಣ್ಣನಿಗೆ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಪಾಪ ಅನ್ನಿಸಿತು. ಸಿಟ್ಟೂ ಇತ್ತು. ಎರಡೂ ಒಟ್ಟಿಗೇ ಇದ್ದವು.

ಫೋನು ತೆಗೆದುಕೊಂಡೆ. ಭಾವ ಕೇಳಿದರು, "ಹೌದಾ ಅತ್ತಿಗೆ, ನಿಮಗೆ ಬೇಡ್ವಾ?" ಮದುವೆಯ ಹೊಸತರಲ್ಲಿ ತಮಾಷೆಗೆ ಅತ್ತಿಗೆ ಎಂದು ಕರೆಯಲು ಶುರುಮಾಡಿದವರು ಹಾಗೇ ಉಳಿಸಿಕೊಂಡಿದ್ದಾರೆ.

"ಹೌದ್ರಿ ಭಾವ. ನಮ್ಮ ಕಡಿ ಮಂದಿಗೆ ನೀರು ಆಗಿ ಬರೂದಿಲ್ರಿ" ಎಂದೆ.

ಗೋರೆಗಾಂವಿನ ತನಕ ಇಬ್ಬರೂ ಮರುದಿನದ ತಿಂಡಿಗೆ ಮ್ಯಾಂಗಲೂರ್ ಬನ್ಸ್ ಮಾಡುವುದೋ ಅವಲಕ್ಕಿಯೋ ಎಂಬ ವಿಷಯ ಮಾತಾಡಿದೆವು. ಕುದ್ರುವಿನ ಹೆಸರನ್ನು ಅವರು ಅವತ್ತಿನಿಂದ ಎತ್ತಿಲ್ಲ. ಮಾತು ಉಳಿಸಿಕೊಂಡರು.

ಅದಾಗಿ ಎರಡು ವರ್ಷ. ಕಳೆದ ಬೇಸಿಗೆಯಲ್ಲಿ ಊರಿನಲ್ಲಿ ಭಾವನ ಮೊಮ್ಮಗನ ಹೆಸರಿಡುವ ಕಾರ್ಯಕ್ರಮಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಇವರ ಅಕ್ಕ, ಎಲ್ಲರಿಗೂ ಕೇಳುವ ಹಾಗೆ, ನಗುತ್ತಲೇ ಹೇಳಿದರು: "ನಮ್ಮ ತಮ್ಮನಿಗೆ ಪಾಪ ಊರಿಗೆ ಬರ್ಲಿಕ್ಕೆ ಎಷ್ಟು ಆಸೆ ಇತ್ತು. ಹೆಂಡತಿ ಬಿಡ್ಲಿಲ್ಲ. ಘಟ್ಟದ ಮೇಲಿನವರಿಗೆ ಕಡಲಿನ ಬೆಲೆ ಎಂತ ಗೊತ್ತುಂಟು!" ಪಂಕ್ತಿಯಲ್ಲಿದ್ದವರು ನಕ್ಕರು. ಪಕ್ಕದಲ್ಲಿ ಕೂತಿದ್ದ ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. ತಲೆ ಎತ್ತಿ, "ಹಾಗಲ್ಲ ಅಕ್ಕ, ಅವತ್ತು" ಎಂದು ಶುರುಮಾಡಿದರು.

ನಾನು ನಡುವೆ ಬಾಯಿ ಹಾಕಿದೆ. "ಖರೇ ಐತ್ರಿ ಅಕ್ಕಾರ. ನನಗ ಕೆಸರು ಕಂಡ್ರ ಅಂಜಿಕಿ" ಎಂದೆ. ಮತ್ತೊಮ್ಮೆ ಎಲ್ಲರೂ ನಕ್ಕರು, ಇವರೊಬ್ಬರನ್ನು ಬಿಟ್ಟು.

ಊಟದ ಮೇಲೆ ಹಿತ್ತಲಿನ ಬಾವಿಯ ಹತ್ತಿರ ಕೈ ತೊಳೆಯಲು ನೀರು ಹಾಕುತ್ತಾ ಇವರು ಮೆಲ್ಲಗೆ ಹೇಳಿದರು: "ನೀನು ಅವತ್ತು ನನ್ನ ಮರ್ಯಾದೆ ಉಳಿಸಿದೆ. ನಿಂಗೂ ಹೇಗೂ ಬೇಡವೇ ಇತ್ತು, ಹಾಗಾಗಿ ಸರಿಯಾಯ್ತು ಅಂತ ನಾನು ಸಮಾಧಾನ ಮಾಡಿಕೊಂಡೆ. ಇಲ್ದಿದ್ರೆ ನಂಗೆ ನಿದ್ದೆ ಬರ್ತಿರ್ಲಿಲ್ಲ."

"ಹೂಂ ರೀ, ನನಗ ಮೊದಲಿಂದನ ಬ್ಯಾಡಾಗಿತ್ತು" ಎಂದೆ ನಾನು, ಕೈ ಒರೆಸಿಕೊಳ್ಳುತ್ತಾ.